ನಲವತ್ತೇಳರಲ್ಲಿದ್ದ ಹಕಾರ

ಮಾನ್ಯ ವಾಚಕರೇ, ಧ್ವನಿಮುದ್ರಣ ಯಂತ್ರವೊಂದು ಕನ್ನಡದ ಒಂದಕ್ಷರವನ್ನು ಹುಡುಕಿಕೊಟ್ಟ ಈ ವೃತ್ತಾಂತವನ್ನು ತಮ್ಮ ಅವಗಾಹನೆಗೆ ವಿನಯಪೂರ್ವಕವಾಗಿ ಒಪ್ಪಿಸುತ್ತಿದ್ದೇನೆ.

ಎಂಬತ್ತೆರಡನೆಯ ಇಸವಿಯಲ್ಲಿ ನಾನು ಟೇಪ್ ರೆಕಾರ್ಡರೊಂದನ್ನು ಹೆಗಲಿಗೇರಿಸಿ, ಮಧುಗಿರಿ, ಶಿರಾ ಸೀಮೆಯ ಶಾಲೆಗಳಲ್ಲಿ ಮಕ್ಕಳಿಗೆ ಅವರದೇ ಓದನ್ನು ಕೇಳಿಸುತ್ತ ತಿರುಗುತ್ತಿದ್ದೆ. ಕಳ್ಳಂಬೆಳ್ಳದಾಚೆಯ ಗೊಲ್ಲರಹಟ್ಟಿಯೊಂದರ ಶಾಲೆಯಲ್ಲಿ ಮೇಷ್ಟರು ಪರ್ವತಯ್ಯನವರು ನಾಲ್ಕನೆಯ ತರಗತಿಯ ಜುಂಜಮ್ಮನನ್ನು ನನ್ನ ಮುಂದೆ ನಿಲ್ಲಿಸಿದರು. ಅವಳ ಓದಿನಲ್ಲಿ ಹಾಲು ಆಲಾಗುತ್ತಿತ್ತು. ತಿದ್ದಿದರೆ ಆನೆಯೂ ಹಾನೆಯಾಗುತ್ತಿತ್ತು. ಆ ಸಂಜೆ ಪಾಠವನ್ನು ತಪ್ಪಿಲ್ಲದೆ ಓದಿದರೆ ಐದನೆಯ ತರಗತಿ, ಇಲ್ಲವಾದರೆ ಕುರಿಯ ಹಿಂದೆ ಎಂದು ತಾಯಿ ಕ್ಯಾತಮ್ಮ ಖಡಾಖಂಡಿತವಾಗಿ ಹೇಳಿದ್ದಳು.

ಯಂತ್ರದಿಂದ ಹೊರಟ ತನ್ನ ದನಿಯನ್ನು ಕೇಳಿ ಹುಡುಗಿ ಮುಖ ಊದಿಸಿಕೊಂಡಳು.

"ಇದು ನನ್ನ ಅಣಕಿಸ್ತೈತೆ ಸಾ."

ಅಣಕವಲ್ಲ, ಕನ್ನಡಿಯೆಂದು ತಿಳಿಸಿ, ಗುಂಡಿಗಳ ಕೆಲಸವನ್ನೂ, ಟೇಪು ಎಷ್ಟು ಓಡಿತೆಂದು ತೋರುವ ಅಂಕಿಗಳನ್ನೂ ವಿವರಿಸಿದೆ. ಅಂಕಿಗಳು ಅವಳಿಗೆ ಬಹಳ ಹಿಡಿಸಿದವು.

ಊಟಕ್ಕೆ ಏಳುವಾಗ ಮುದ್ರಣದ ಕೆಂಪು ಗುಂಡಿಯನ್ನು ಎತ್ತಲು ಮರೆತೆ. ಆಗಲೇ ಕ್ಯಾತಮ್ಮನ ಕುರಿಗಳು ಶಾಲೆಯ ಜಗಲಿಗೆ ನುಗ್ಗಿದವಂತೆ. ಜುಂಜಮ್ಮ ಕೂಗಿ ಓಡಿಸಿದಳಂತೆ. ನಾನು ಹಿಂದಿರುಗಿದಾಗ, ಕೂಗೂ ಯಂತ್ರದೊಳಗೆ ಸಿಕ್ಕಿರಬೇಕೆಂದು ಮೇಷ್ಟರು ಟೇಪನ್ನು ಹಿಂದಕ್ಕೂ ಮುಂದಕ್ಕೂ ಓಡಿಸಿ ಸೋತಿದ್ದರು.

"ನಲ್ವತ್ತೇಳರಾಗೈತೆ ಸಾ. ಕುರಿ ನುಗ್ದಾಗ ನೋಡ್ಕಂಡಿದ್ದೆ."

ಅವಳೇ ಗುಂಡಿಯೊತ್ತಿ ನಲವತ್ತೇಳಕ್ಕೆ ತಂದಳು. "ಹೋ… ಹಹ್ಹಾ… ಹೋ" ಎಂಬ ನಿಷ್ಕಳಂಕ ಹಕಾರ ಕೋಣೆಯನ್ನು ತುಂಬಿತು.

ಪರ್ವತಯ್ಯನವರು ಕನ್ನಡಕ ತೆಗೆದು ಒರೆಸಿಕೊಂಡರು. "ಲೇ ಜುಂಜಿ, ಇಷ್ಟ್ ದಿನ ಇದನ್ನ ಕುರಿಗೇ ಅಂತ ಮಡಗಿದ್ಯಾ? ನಮ್ಗೂ ವಸಿ ಕೊಡಮ್ಮ."

ಅವಳು ಕೂಗನ್ನು ಹತ್ತು ಸಲ ಕೇಳಿದಳು. ಓದಿ ಮುದ್ರಿಸಿದಳು, ಕೇಳಿ ನಕ್ಕಳು, ಅಳಿಸಿ ಮತ್ತೆ ಓದಿದಳು. ಸಂಜೆ ಕ್ಯಾತಮ್ಮ ಬಾಗಿಲಲ್ಲಿ ನಿಂತಿರಲು "ಹಸು ಹಾಲು ಕೊಡುತ್ತದೆ" ಎಂದು ಎಷ್ಟು ಬಲವಾಗಿ ಓದಿದಳೆಂದರೆ, ಹೊರಗಿದ್ದ ಮಂದೆ ಬೆದರಿ ಹಟ್ಟಿಯ ಕಡೆಗೆ ಹೊರಟೇಬಿಟ್ಟಿತು. ಆನೆ ಆನೆಯಾಗಿಯೇ ಉಳಿಯಿತು.

ಕುರಿಗಳ ಹಿಂದೆ ಓಡುತ್ತಲೇ ಕ್ಯಾತಮ್ಮ ತಿರುಗಿ ಹೇಳಿದಳು: "ಐದ್ನೇ ಕಲಾಸಿಗೆ ಆಕ್ಕಳಿ ಸಾಮಿ."

"ಹಾಕ್ಕಳಿ ಕಣಮ್ಮ," ಎಂದು ಮಗಳು ತಿದ್ದಿದಳು.

ನಾನು ಕ್ಯಾಸೆಟ್ಟಿನ ಮೇಲೆ 'ನಲವತ್ತೇಳು, ಅಳಿಸಬಾರದು' ಎಂದು ಬರೆದು, ಯಂತ್ರವನ್ನು ಚೀಲಕ್ಕಿಳಿಸಿ, ಪಾವಗಡದ ಬಸ್ಸು ಹಿಡಿಯಲು ಹೊರಟೆ.