ಗರುಡದ ಬೆಳಕು

ಸೆರಗಿನ ತುದಿಯಿಂದ ಎಷ್ಟು ಒರೆಸಿದರೂ ರೇಡಿಯೋ ಗಾಜಿನ ಮೂಲೆಯ ಆ ಕಲೆ ಹೋಗುವುದಿಲ್ಲ, ಒಳಗಡೆ ಇರಬೇಕು, ಗಾಜು ಬೆಚ್ಚಗಿದೆ, ದೀಪ ಹತ್ತಿದೆ, ಮುಳ್ಳು ಬೆಂಗಳೂರಿನ ಮೇಲೆ ನಿಂತಿದೆ, ಮಾತು ಮಾತ್ರ ಇಲ್ಲ, ದೀಪಾವಳಿಯಿಂದ ಇಲ್ಲ, ಈಗ ಮಾವು ಹೂ ಬಿಟ್ಟಿದೆ — ರೇಡಿಯೋದ ಕಸೂತಿ ಬಟ್ಟೆ ಮಡಿಸಿಟ್ಟು, ಅಕ್ಕಿಯ ಮೊರ ತೊಡೆಯ ಮೇಲಿಟ್ಟುಕೊಂಡು ಎದುರಿಗೆ ಕುಳಿತುಕೊಳ್ಳಬೇಕು, ದಿನಾ ಸಂಜೆ, ಇವರು ಹೇಳಿದ ಹಾಗೆ, ಕಿಟಕಿ ತೆಗ್ದು ಮುಂದೆ ಕುಂತ್ಕ, ಬೀದೀಲಿ ಹೋಗೋರು ಉಗ್ರಪ್ಪನ ಮನೇಲಿ ರೇಡಿಯೋ ಕೇಳ್ತಾ ಅವ್ರೆ ಅನ್ಕಳ್ಲಿ, ಕೇಳಿಸ್ದಿದ್ರೆ ಮೆಲ್ಲಗೆ ಇಟ್ಕಂಡವ್ರೆ ಅಂತಾರೆ. ಕಟ್ಟೆಯ ಮೇಲೆ ಎರಡು ಪಕ್ಷ, ಗರುಡ ಕಂಪನಿಯ ರೇಡಿಯೋದವರು, ಚಕೋರ ಕಂಪನಿಯವರು, ನಮ್ಮದು ಗರುಡ, ನಾನು ಈ ಮನೆಗೆ ಬರುವ ಮೊದಲಿನಿಂದಲೂ, ಪಕ್ಕದ ಮನೆ ಜುಂಜಯ್ಯನದು ಚಕೋರ, ಏನಪ್ಪ ಉಗ್ರಪ್ಪ, ನಿನ್ ಗರುಡ ಮೊಟ್ಟೆಗೆ ಕುಂತೈತಾ ಎಂದು ಅವನು ಕೇಳಿದ ದಿನ ಇವರು ಊಟ ಮಾಡಲಿಲ್ಲ. ಹೊಳಲ್ಕೆರೆಯಿಂದ ದುರ್ಗಕ್ಕೆ ರಿಪೇರಿಗೆಂದು ಅದನ್ನು ಎಷ್ಟು ಸಲ ಹೊತ್ತರೋ, ಕಂಬಳಿ ಸುತ್ತಿ, ಬಸ್ಸಿನಲ್ಲಿ ತೊಡೆಯ ಮೇಲೆ ಕೂರಿಸಿಕೊಂಡು — ಮದುವೆಯಾದ ವರ್ಷ ಚಂದ್ರವಳ್ಳಿಗೆ ಹೋದಾಗ ನಾನು ಮುಂದೆ ಹೆಂಗಸರ ಜೊತೆ, ಇವರು ಕೊನೆಯ ಸೀಟಿನಲ್ಲಿ, ತಿರುಗಿ ನೋಡಿ ನೋಡಿ ನನ್ನ ಕತ್ತು ನೋವು — ರಿಪೇರಿಯವನು, ಒಳಗೆ ಸುಟ್ಟೈತೆ, ಇದರ ಸಾಮಾನು ಈಗ ಬರಲ್ಲ, ಬೇರೆ ಕಂಪನಿ ಟ್ರಾನ್ಸಿಸ್ಟರ್ ತಗಳ್ರಿ ಎಂದನಂತೆ, ಇವರು ಎತ್ತಿಕೊಂಡು ಬಂದೇಬಿಟ್ಟರು, ಒಂದ್ಸಲ ನಮ್ದು ಅಂದ್ಮೇಲೆ ಬಿಡಾಕಾಗುತ್ತಾ ಎಂದರು, ರೇಡಿಯೋಗೆ, ಅದರ ನೆತ್ತಿ ಸವರುತ್ತ, ನಾನು ಬಾಗಿಲಲ್ಲಿ ನಿಂತಿದ್ದೆ.

ಮಧ್ಯಾಹ್ನದ ಹೆಂಗಸರ ಕಾರ್ಯಕ್ರಮ, ಅಕ್ಕಂದಿರೇ ಹೇಗಿದ್ದೀರಿ ಎನ್ನುತ್ತಿದ್ದ ಆ ದನಿ, ಒಗ್ಗರಣೆ ಸಿಡಿಯುವಾಗಲೂ ಚೆನ್ನಾಗಿದೀನಿ ಕಣವ್ವ ಎಂದು ಅಡಿಗೆಮನೆಯಿಂದ ಉತ್ತರ ಕೊಡುತ್ತಿದ್ದೆ, ಇಡೀ ದಿನಕ್ಕೆ ಅಷ್ಟೇ ನನ್ನ ಮಾತು, ಈಗ ಅದು ಗೋಡೆಯಾಚೆಯ ಚಕೋರದಲ್ಲಿ, ನೀರೊಳಗಿಂದ ಬಂದ ಹಾಗೆ, ದನಿ ಗೊತ್ತಾಗುತ್ತದೆ, ಮಾತು ತಿಳಿಯುವುದಿಲ್ಲ. ಮೊನ್ನೆ ಜುಂಜಯ್ಯನ ಹೆಂಡತಿ ಜಯಕ್ಕ ಗೋಡೆಯ ಮೇಲಿಂದ ಇಣುಕಿ, ಬರ್ರಿ ದುರುಗಕ್ಕ, ಒಬ್ರೇ ಏನ್ಮಾಡ್ತೀರಿ, ನಮ್ಮನೇಲಿ ಕುಂತು ಕೇಳಾಣ ಎಂದಳು, ನಮ್ದೂ ಹಾಡ್ತಾ ಐತಲ್ಲವ್ವ ಎಂದುಬಿಟ್ಟೆ, ಅವಳು ನಮ್ಮ ಕಿಟಕಿಯ ಕಡೆ ನೋಡಿದಳು, ನಗಲಿಲ್ಲ, ನಕ್ಕಿದ್ದರೆ ಚೆನ್ನಾಗಿತ್ತು — ಇವರ ಕೆಮ್ಮು, ಚಪ್ಪಲಿ ಬಿಟ್ಟ ಸದ್ದು, ಒಳಗೆ ಬಂದರು, ಮೊದಲು ಗಾಜು ನೋಡಿದರು, ಹೂಂ, ಉರೀತೈತೆ ಎಂದರು, ನನ್ನ ಕಡೆ ತಿರುಗದೆ ಬಚ್ಚಲಿಗೆ ಹೋದರು — ನಾಳೆ ಮಧ್ಯಾಹ್ನ ಈ ಮೊರ ಎತ್ತಿಕೊಂಡು ಜಯಕ್ಕನ ಮನೆಗೆ, ಹಿತ್ತಲಿಂದ ಅಲ್ಲ, ಮುಂಬಾಗಿಲಿಂದ, ಕಟ್ಟೆಯ ಮುಂದೆಯೇ ಹೋಗುತ್ತೇನೆ — ಅಕ್ಕಿಯಲ್ಲಿ ಒಂದು ಕಲ್ಲು ಸಿಕ್ಕಿತು, ಕಿಟಕಿಯಾಚೆ ಎಸೆದೆ, ಬಿಸಿನೀರು ಐತೇನೇ ಎಂದು ಬಚ್ಚಲಿಂದ ಕೇಳಿದರು, ಐತೆ ಎಂದೆ, ಅಷ್ಟೇ ಎಂದೆ, ಗಾಜಿನೊಳಗೆ ಆ ಕಲೆ, ಬೆಂಗಳೂರಿನ ಮೇಲೆ ಮುಳ್ಳು, ಹಳದಿ ಬೆಳಕು, ಬರೀ ಬೆಳಕು