ಎಲ್ಲರ ಎಡಗಾಲು

ಕಾಲು ಒಳಗೆ ಹೋಗಲಿಲ್ಲ. ಕಂಡಕ್ಟರಮ್ಮ ಕುರ್ಚಿಯ ತೋಳುಗಳನ್ನು ಬಿಗಿಯಾಗಿ ಹಿಡಿದು, ತುಟಿ ಕಚ್ಚಿ, ಇನ್ನೊಮ್ಮೆ ಒತ್ತಿದಳು. ಮೊಣಕಾಲಿನ ಕೆಳಗೆ ಗೇಣುದ್ದ ಉಳಿದಿದ್ದ ಅವಳ ಎಡಗಾಲು ಹೊಸ ಪ್ಲಾಸ್ಟಿಕ್ ಬಟ್ಟಲಿನ ಬಾಯಲ್ಲೇ ಸಿಕ್ಕಿಕೊಂಡಿತು.

"ನಾನೇನಾದ್ರೂ ದಪ್ಪ ಆದ್ನಾ ಯಜಮಾನ್ರೇ? ರಜೇಲಿ ಕೂತು ತಿಂದಿದ್ದು ಜಾಸ್ತಿ ಆಯ್ತು ಅನ್ಸತ್ತೆ," ಎಂದು ತಾನೇ ನಕ್ಕಳು. ನಗು ಅರ್ಧಕ್ಕೆ ನಿಂತಿತು.

ಮಾವ ನಗಲಿಲ್ಲ. ನೆಲದ ಮೇಲೆ ಕುಕ್ಕರಗಾಲಲ್ಲಿ ಕೂತಿದ್ದ ಅವರು ಬಟ್ಟಲನ್ನು ಮೆಲ್ಲಗೆ ಬಿಡಿಸಿ, ಬೆಳಕಿಗೆ ಹಿಡಿದು, ಒಳಗೆ ಹೆಬ್ಬೆರಳು ಆಡಿಸಿ ನೋಡಿದರು. ಆಮೇಲೆ ಬಾಗಿಲ ಬಳಿ ನಿಂತಿದ್ದ ಅಳಿಯನ ಕಡೆ ತಿರುಗಿ, ಹವಾಮಾನದ ಸುದ್ದಿ ಹೇಳುವವರ ಹಾಗೆ ಹೇಳಿದರು: "ಅಳಿಯಂದ್ರೇ, ಇದು ಇವ್ರ ಕಾಲಲ್ಲ."

ಅಳಿಯನ ಎದೆ ಧಸಕ್ಕೆಂದಿತು. ಯಾಕೆ ಎಂದು ಹೇಳಬೇಕಾದರೆ ಕಾರ್ಖಾನೆಯ ವಿಷಯ ಸ್ವಲ್ಪ ಹೇಳಬೇಕು.

ಮಾವನದು ಕೃತಕ ಕಾಲು ಮಾಡುವ ಕಾರ್ಖಾನೆ. ಕಾರ್ಖಾನೆ ಎಂದರೆ ದೊಡ್ಡ ಮಾತಾಯಿತು. ಮುಂದೊಂದು ಕೋಣೆ, ನಡುವೆ ಯಂತ್ರದ ಕೋಣೆ, ಪಕ್ಕದಲ್ಲಿ ಬೀದಿಯವರೆಗೆ ಉದ್ದಕ್ಕೆ ಚಾಚಿದ ಅಂಗಳ, ಅಷ್ಟೇ. ಪಾದ, ಕೊಳವೆ, ತಿರುಪು ಎಲ್ಲ ಸಿದ್ಧವಾಗಿ ಸಿಗುತ್ತವೆ. ಉಳಿದ ಕಾಲು ಕೂರುವ ಬಟ್ಟಲು ಮಾತ್ರ ಒಬ್ಬೊಬ್ಬರಿಗೆ ಒಂದೊಂದು ತರಹ. ಅದಕ್ಕೆ ಪ್ಲಾಸ್ಟರಿನ ಅಚ್ಚು ಬೇಕು. ಕಂಡಕ್ಟರಮ್ಮನ ಅಚ್ಚು ಒಂದೇ ಸಲಕ್ಕೆ ಆದದ್ದಲ್ಲ. ಮೊದಲ ಬಟ್ಟಲು ಕಚ್ಚಿತು, ಆಮೇಲಿನದು ಹುಣ್ಣು ಮಾಡಿತು, ಅದರ ಆಮೇಲಿನದು ಓಡುವ ಬಸ್ಸಿನಲ್ಲಿ ಕಳಚಿಕೊಂಡು ಅವಳ ಮಾನ ಕಳೆಯಿತು. ಮಾವ ಅಚ್ಚಿಗೆ ಇಲ್ಲಿ ಚೂರು ಮೆತ್ತಿ, ಅಲ್ಲಿ ಚೂರು ಹೆರೆದು, ಮೂರು ವರ್ಷ ಒದ್ದಾಡಿದ ಮೇಲೆ ಒಂದು ದಿನ ಅದು ಸರಿಯಾಗಿ ಕೂತಿತು. ಆಮೇಲೆ ಅವಳು ತನ್ನ ಒಂದು ಕಾಲು ಬೇರೆ ಎಂಬುದನ್ನೇ ಮರೆತು ಬದುಕಿದ್ದಳು. ಈಗ ಆ ಹಳೆಯ ಬಟ್ಟಲು ಬಿರುಕು ಬಿಟ್ಟಿತ್ತು. ಬಿರುಕು ಬಿಟ್ಟರೇನು, ಅದೇ ಅಚ್ಚಿನಿಂದ ಇನ್ನೊಂದು ತೆಗೆದರಾಯಿತು.

ಆದರೆ ಆ ಅಚ್ಚು ಈಗ ಇರಲಿಲ್ಲ. ಅದನ್ನು ಒಡೆಸಿದವನು ಅಳಿಯ.

ಬೇರೆಯವರ ವ್ಯಾಪಾರಕ್ಕೆ ಕಂಪ್ಯೂಟರಿನ ಅಪ್ಲಿಕೇಶನ್ ಬರೆದುಕೊಡುವುದು ಅವನ ಕಸುಬು. ಗೋಡೆಯುದ್ದಕ್ಕೂ ಸೂರಿನ ತನಕ ಪೇರಿಸಿಟ್ಟ ಬಿಳಿ ಅಚ್ಚುಗಳನ್ನು ನೋಡಿ ನೋಡಿ, ಮಾವನಿಗೂ ಒಂದು ಬರೆದುಕೊಟ್ಟಿದ್ದ. ಅಚ್ಚನ್ನು ಸ್ಕ್ಯಾನ್ ಮಾಡಿದರೆ ಅದೊಂದು ಫೈಲಾಗುತ್ತದೆ. ಬೇಕಾದಾಗ ಆ ಫೈಲನ್ನು ಕರೆದರೆ ಕೊರೆಯುವ ಯಂತ್ರ ಅದೇ ಆಕಾರವನ್ನು ಮತ್ತೆ ಕೊರೆದುಕೊಡುತ್ತದೆ. "ಮತ್ತೆ ಈ ಅಚ್ಚು ಯಾಕೆ ಮಾವ? ಕಾಲಿಡಕ್ಕೂ ಜಾಗ ಇಲ್ಲ. ಒಡೆದುಬಿಡಿ," ಎಂದಿದ್ದ. "ಒಡೆದಿದ್ದು ಮತ್ತೆ ಕೂಡಲ್ಲ ಅಳಿಯಂದ್ರೇ," ಎಂದು ಅವರು ತಲೆ ಕೆರೆದುಕೊಂಡಿದ್ದರು. "ನನ್ನ ಮಾತಿನ ಮೇಲೆ ನಂಬಿಕೆ ಇಡಿ ಮಾವ." ನಂಬಿದರು. ಸುತ್ತಿಗೆ ತೆಗೆದುಕೊಂಡು ಒಂದೊಂದನ್ನೇ ತಾವೇ ಒಡೆದು, ಚೂರುಗಳನ್ನು ಕೆಸರಾಗುತ್ತಿದ್ದ ಅಂಗಳದ ದಾರಿಗೆ ಹಾಸಿದರು. ಈಗ ಬಂದವರೆಲ್ಲ ಆ ಬಿಳಿ ಪುಡಿಯ ಮೇಲೇ ನಡೆದು ಬರುತ್ತಿದ್ದರು.

ಅಳಿಯ ಯಂತ್ರದ ಕೋಣೆಗೆ ಹೋಗಿ ಕಂಪ್ಯೂಟರಿನ ಮುಂದೆ ಕೂತ. ಕಂಡಕ್ಟರಮ್ಮನ ಫೈಲು ತೆರೆದ. ಪರದೆಯ ಮೇಲೆ ಸಣಕಲು ಕಾಲೊಂದು ತಿರುಗಿತು. ಕಂಪ್ಯೂಟರ್ ಮೂಲೆಯಲ್ಲಿ ಎಂದಿನಂತೆ 'ಡಿಸ್ಕ್ ತುಂಬುತ್ತಿದೆ' ಎಂದು ಗೊಣಗಿತು. ಅವನು ಎಂದಿನಂತೆ ಅದರ ಬಾಯಿ ಮುಚ್ಚಿಸಿದ. ಒಬ್ಬ ಲಾರಿ ಚಾಲಕನ ಫೈಲು ತೆರೆದ. ಅದೇ ಸಣಕಲು ಕಾಲು. ಒಬ್ಬ ಅಜ್ಜಿಯದು ತೆರೆದ. ಅದೇ. ಎಡಗಾಲು ಕಳೆದುಕೊಂಡವರಿಗೆಲ್ಲ ಒಂದೇ ಎಡಗಾಲು, ಬಲಗಾಲು ಕಳೆದುಕೊಂಡವರಿಗೆಲ್ಲ ಒಂದೇ ಬಲಗಾಲು.

"ರೀ, ಏನಾಯ್ತು? ಮುಖ ಯಾಕೆ ಹಿಂಗೆ ಬಿಳಿಚಿಕೊಂಡಿದೆ?" ಹೆಂಡತಿ ಕೈಯಲ್ಲಿ ಅಳತೆ ಪಟ್ಟಿ ಹಿಡಿದುಕೊಂಡೇ ಬಂದಳು. ಅಪ್ಪನ ಕಾರ್ಖಾನೆಯಲ್ಲಿ ಅಳತೆ ತೆಗೆಯುವುದು, ಸ್ಕ್ಯಾನ್ ಮಾಡುವುದು ಅವಳ ಕೆಲಸ.

"ನೀನು ಫೈಲ್ ಕಳಿಸುವಾಗ ಏನಂತ ಹೆಸರಿಡ್ತಿದ್ದೆ?"

"ಏನಂತ ಇಡ್ತಾರೆ? ಎಡಗಾಲಿಗೆ ಎಡಗಾಲು, ಬಲಗಾಲಿಗೆ ಬಲಗಾಲು."

"ಎಲ್ಲರಿಗೂನಾ?"

"ನನ್ನ ಕಂಪ್ಯೂಟರಲ್ಲಿ ಒಬ್ಬೊಬ್ಬರದೂ ಬೇರೆ ಫೋಲ್ಡರ್ ಇರುತ್ತಲ್ಲ, ಅದರ ಮೇಲೆ ಅವರ ಹೆಸರು. ಒಳಗೆ ಕಾಲು. ಕಾಲಿಗೂ ನಾಮಕರಣ ಮಾಡ್ಬೇಕಿತ್ತಾ?"

ಅವಳ ತಪ್ಪೇನೂ ಇರಲಿಲ್ಲ. ಮೊದಲು ಅಪ್ಲಿಕೇಶನ್ ಬಂದ ಪ್ರತಿ ಫೈಲಿಗೂ ತಾನೇ ಒಂದು ಉದ್ದನೆಯ ಸಂಖ್ಯೆ ಕೊಟ್ಟು ಇಟ್ಟುಕೊಳ್ಳುತ್ತಿತ್ತು. ಒಂದು ದಿನ ಮಾವ ಒಳಗೆ ಇಣುಕಿ, "ಇದೇನ್ರೀ, ಇವರೇನು ಜೈಲಿನ ಕೈದಿಗಳಾ, ನಂಬರಲ್ಲಿ ಕರೆಯಕ್ಕೆ? ಓದಕ್ಕಾಗೋ ಹಾಗೆ ಮಾಡಿ," ಎಂದಿದ್ದರು. ಮಾವ ಹೇಳಿದ ಮೇಲೆ ಮುಗಿಯಿತು. ಅಳಿಯ ಸಂಖ್ಯೆ ಕಿತ್ತು ಹಾಕಿ, ಫೈಲು ಯಾವ ಹೆಸರಲ್ಲಿ ಬರುತ್ತದೋ ಅದೇ ಹೆಸರಲ್ಲಿ ಒಂದೇ ಕಡೆ ಇಡುವಂತೆ, ಒಬ್ಬೊಬ್ಬರ ಖಾತೆಯಿಂದಲೂ ಆ ಹೆಸರನ್ನೇ ಕರೆಯುವಂತೆ ಬದಲಿಸಿದ್ದ. ಪರೀಕ್ಷೆಯನ್ನೂ ಮಾಡಿದ್ದ. ಆದರೆ ತಾನೇ ಹೆಸರಿಟ್ಟ ಫೈಲುಗಳಿಂದ, ಒಂದರ ಹಾಗೆ ಇನ್ನೊಂದಿಲ್ಲದ ಹೆಸರುಗಳಿಂದ. ಇಲ್ಲಿ ಕಾಲಿಗೆಲ್ಲ ಕಾಲು ಎಂದೇ ಹೆಸರು ಎಂದು ಅವನಿಗೆ ಹೊಳೆದಿರಲಿಲ್ಲ. ಹಳೆಯ ಅಚ್ಚುಗಳನ್ನು ಸ್ಕ್ಯಾನ್ ಮಾಡಿದ್ದು ಆ ಬದಲಾವಣೆ ಆದ ಮೇಲೆ. ಹಿಂದಿನ ಎಡಗಾಲಿನ ಮೇಲೆ ಮುಂದಿನ ಎಡಗಾಲು ಬಂದು ಕೂತು, ಹಿಂದಿನದನ್ನು ಒರಸಿ ಹಾಕಿತ್ತು. ಹೊಸಬರ ಫೈಲುಗಳು ಬಂದ ಕೂಡಲೇ ಯಂತ್ರಕ್ಕೆ ಹೋಗುತ್ತಿದ್ದುದರಿಂದ ಯಾರಿಗೂ ಗೊತ್ತಾಗಲಿಲ್ಲ. ಹಳೆಯದೊಂದನ್ನು ಮತ್ತೆ ಕರೆದದ್ದು ಇದೇ ಮೊದಲು.

"ನಿನ್ನ ಕಂಪ್ಯೂಟರಲ್ಲಿ ಆ ಫೋಲ್ಡರುಗಳು ಇವೆ ತಾನೇ?" ಎಂದು ಜೀವ ಕೈಯಲ್ಲಿ ಹಿಡಿದುಕೊಂಡು ಕೇಳಿದ.

ಹೆಂಡತಿ ಅಳತೆ ಪಟ್ಟಿಯನ್ನು ಬೆರಳಿಗೆ ಸುತ್ತತೊಡಗಿದಳು. ಅವಳು ಮನೆ ಗುಡಿಸಿದಷ್ಟೇ ಶ್ರದ್ಧೆಯಿಂದ ಕಂಪ್ಯೂಟರನ್ನೂ ಗುಡಿಸುವವಳು. ಕಳಿಸಿದ್ದು ಸೇರಿತು ಎಂದು ಕಂಡ ತಕ್ಷಣ ಅಳಿಸಿ, ಕಸದ ಬುಟ್ಟಿಯನ್ನೂ ಖಾಲಿ ಮಾಡಿ, ಆಮೇಲೇ ಕೈ ತೊಳೆಯುತ್ತಿದ್ದಳು. "ನೀವೇ ಹೇಳಿದ್ರಲ್ಲ, ಎಲ್ಲಾ ಅಲ್ಲಿರುತ್ತೆ ಅಂತ," ಎಂದಳು, ಬಹಳ ಸಣ್ಣ ದನಿಯಲ್ಲಿ.

ದಿನಾ ಒಂದು ಪ್ರತಿ ಬೇರೆ ಕಡೆ ಹೋಗುವ ವ್ಯವಸ್ಥೆಯನ್ನು ಅವನು ಮಾಡಿದ್ದನಲ್ಲ, ಅದನ್ನೂ ತೆರೆದು ನೋಡಿದ. ಆ ಪ್ರತಿ ಬಲು ನಿಷ್ಠೆಯ ಶಿಷ್ಯ. ಗುರು ಒರಸಿದ್ದನ್ನೆಲ್ಲ ತಾನೂ ಒರಸಿತ್ತು. ಅಳಿಯ ತಲೆಯ ಮೇಲೆ ಕೈ ಹೊತ್ತು ಕೂತ. ಕಾಲಿಗೆ ಬುದ್ಧಿ ಹೇಳಿ ಎಲ್ಲಾದರೂ ಓಡಿಹೋಗೋಣ ಅನ್ನಿಸಿತು. ಆ ಯೋಚನೆ ಬಂದದ್ದಕ್ಕೇ ನಾಚಿಕೆಯೂ ಆಯಿತು. ಮುಂದಿನ ಕೋಣೆಯಲ್ಲಿ ಕೂತವಳಿಗೆ ಆ ಭಾಗ್ಯವೂ ಇರಲಿಲ್ಲವಲ್ಲ.

ಎದ್ದು ಹೇಳಲೇಬೇಕಾಗಿತ್ತು. ಹೋದ.

ಕಂಡಕ್ಟರಮ್ಮ ಊರುಗೋಲನ್ನು ಮಡಿಲ ಮೇಲೆ ಅಡ್ಡ ಇಟ್ಟುಕೊಂಡು ಕೂತಿದ್ದಳು. ಮಾವ ಅವಳ ಎದುರು ಸ್ಟೂಲಿನ ಮೇಲೆ, ಬಿರುಕುಬಿಟ್ಟ ಹಳೆಯ ಬಟ್ಟಲನ್ನು ಕೈಯಲ್ಲಿ ತಿರುಗಿಸುತ್ತ ಕೂತಿದ್ದರು. ಬಿರುಕು ಅಗಲವಾಗಿ ಆಕಾರವೇ ಸೊಟ್ಟಗಾಗಿತ್ತು. ಅದರಿಂದ ಅಳತೆ ತೆಗೆದರೆ ಸೊಟ್ಟನೆಯದೇ ಬರುತ್ತಿತ್ತು.

"ಸೋಮವಾರ ಡಿಪೋ ಡಾಕ್ಟರ ಮುಂದೆ ಬಸ್ ಹತ್ತಿ ಇಳಿದು ತೋರಿಸ್ಬೇಕು," ಎಂದು ಅವಳು ಅಳಿಯನಿಗೂ ಸೇರಿಸಿ ಹೇಳಿದಳು. "ಆಗ್ಲಿಲ್ಲ ಅಂದ್ರೆ ಪಾಸ್ ಕೊಡೋ ಕಿಟಕೀಲಿ ಕೂರಿಸ್ತಾರಂತೆ. ಖಾಯಂ. ನಾನು ಕೂರೋ ಜಾತಿ ಅಲ್ಲಪ್ಪ. ಬಾಯಿಗೂ ಕಾಲಿಗೂ ಕೆಲಸ ಇರ್ಬೇಕು ನಂಗೆ. ಹೊಸದಾಗಿ ಅಳತೆ ತಗೊಂಡ್ರೆ ಎಷ್ಟು ದಿನ ಆಗತ್ತೆ?"

ಮಾವ ಬಟ್ಟಲನ್ನೇ ನೋಡುತ್ತಿದ್ದರು. "ಅಳತೆ ಒಂದು ಗಳಿಗೆ ಕೆಲಸ ತಾಯೀ. ಕೂರೋದು..." ಎಂದು ನಿಲ್ಲಿಸಿದರು. ಕೂರಲು ಎಷ್ಟು ಕಾಲ ಹಿಡಿದಿತ್ತು ಎಂದು ಮೂವರಿಗೂ ಗೊತ್ತಿತ್ತು.

"ಅಮ್ಮಾ, ನಿಮ್ಮ ಫೈಲು..." ಎಂದು ಅಳಿಯ ಬಾಯಿ ತೆರೆದ. ಅಷ್ಟರಲ್ಲಿ ಒಳಗಿನ ಕೋಣೆಯಿಂದ ಟಣ್ ಎಂಬ ಸದ್ದು ಬಂತು.

"ಏನ್ರೀ, ಮತ್ತೆ ಡಿಸ್ಕ್ ತುಂಬ್ತಿದೆಯಂತೆ," ಎಂದು ಹೆಂಡತಿ ಕೂಗಿದಳು.

"ಬಿಡು, ಅದರದ್ದು ದಿನಾ ಇದ್ದದ್ದೇ," ಎಂದ. ಎಂದವನು ಹಾಗೇ ನಿಂತ.

ತುಂಬುತ್ತಿದೆಯೇ? ಯಾವುದರಿಂದ? ಕಾಲುಗಳೆಲ್ಲ ಒಂದರ ಮೇಲೊಂದು ಕೂತು ಅಳಿಸಿಹೋಗಿ ಎರಡೇ ಎರಡು ಉಳಿದಿದ್ದರೆ ಡಿಸ್ಕ್ ಭಣಭಣ ಎನ್ನಬೇಕಿತ್ತು. ಅದು ಹೊಟ್ಟೆ ಬಿರಿಯುವಷ್ಟು ತಿಂದಿದ್ದಾದರೂ ಏನನ್ನು?

"ಒಂದು ನಿಮಿಷ ಬಂದೆ ಅಮ್ಮಾ," ಎಂದು ಓಡಿದ.

ಹೊರಗಿನಿಂದ ಬಂದ ಫೈಲು ನೇರವಾಗಿ ಒಳಮನೆಗೆ ಹೋಗುವುದಿಲ್ಲ. ಮೊದಲು ಜಗಲಿಯಂತಹ ಒಂದು ತಾತ್ಕಾಲಿಕ ಫೋಲ್ಡರಿನಲ್ಲಿ ಇಳಿಯುತ್ತದೆ. ಅಪ್ಲಿಕೇಶನ್ ಅಲ್ಲಿ ಅದನ್ನು ತೆರೆದು, ಕೆಟ್ಟಿಲ್ಲ ತಾನೇ ಎಂದು ನೋಡಿ, ಒಂದು ಪ್ರತಿಯನ್ನು ಒಳಕ್ಕೆ ಕಳಿಸಿ, ಜಗಲಿಯದನ್ನು ಅಳಿಸಬೇಕು. ಹಾಗೆಂದೇ ಅವನು ಬರೆದಿದ್ದ. ಈಗ ಆ ಫೋಲ್ಡರನ್ನು ತೆರೆದ. ಪರದೆ ಒಂದು ಕ್ಷಣ ಸುಮ್ಮನಿತ್ತು. ಆಮೇಲೆ ಫೈಲುಗಳು ಬಂದವು. ಸಾಲು ಸಾಲಾಗಿ, ಕೆಳಗೆ ಕೆಳಗೆ ಎಳೆದಷ್ಟೂ ಮುಗಿಯದೆ ಬಂದವು. ಒಂದನ್ನೂ ಅಪ್ಲಿಕೇಶನ್ ಅಳಿಸಿರಲಿಲ್ಲ.

ಯಾಕೆಂದು ನೋಡಿದ. ನೋಡಿದವನಿಗೆ ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಪರಿಶೀಲಿಸಲು ಫೈಲನ್ನು ತೆರೆದಿದ್ದ, ಮುಚ್ಚಲು ಮರೆತಿದ್ದ. ತೆರೆದುಕೊಂಡೇ ಇರುವ ಫೈಲನ್ನು ಕಂಪ್ಯೂಟರ್ ಅಳಿಸಗೊಡುವುದಿಲ್ಲ. ಅಳಿಸಲಾಗದಿದ್ದರೆ ಗಲಾಟೆ ಮಾಡದೆ ಮುಂದಕ್ಕೆ ಹೋಗು ಎಂದು ಬರೆದವನೂ ಅವನೇ. ಕಸುಬಿಗೆ ಹೊಸಬರು ಮಾಡುವ ತಪ್ಪು. ಬೇರೆಯವರು ಮಾಡಿದ್ದರೆ ಕರೆದು ಬೈಯುತ್ತಿದ್ದ.

"ಸಿಕ್ತು ಕಣೇ! ಎಲ್ಲಾ ಇದೆ! ನಾನು ಬಾಗಿಲು ಹಾಕೋದೇ ಮರ್ತಿದ್ದೆ!" ಎಂದು ಕಿರುಚಿದ. ಹೆಂಡತಿ ಹೊರಬಾಗಿಲ ಕಡೆ ನೋಡಿದಳು. ಅರ್ಥವಾಗದಿದ್ದರೂ ಅವನ ಮುಖ ನೋಡಿ ಹೋದ ಜೀವ ಬಂದಂತಾಗಿ, ಅಲ್ಲೇ ಗೋಡೆಗೊರಗಿ ನಿಂತಳು.

ಜಗಲಿಯ ಫೈಲುಗಳಿಗೆ ಹೆಸರಿರಲಿಲ್ಲ, ಬಾಯಿಗೆ ಬಂದಂತಹ ಅಕ್ಷರಗಳಷ್ಟೇ ಇದ್ದವು. ಆದರೆ ಪ್ರತಿಯೊಂದೂ ಬಂದಿಳಿದ ಹೊತ್ತು ಅದರ ಮೇಲಿತ್ತು. ಯಾರ ಕಾಲನ್ನು ಯಾವ ಹೊತ್ತಿಗೆ ಕಳಿಸಿದ್ದು ಎಂಬುದು ಅಪ್ಲಿಕೇಶನ್ನಿಗೆ ಗೊತ್ತಿತ್ತು. ಎರಡನ್ನೂ ತಾಳೆ ನೋಡಿ ಒಂದನ್ನು ತೆರೆದ. ಅಷ್ಟರಲ್ಲಿ ಮಾವ ಬಂದು ಹಿಂದೆ ನಿಂತಿದ್ದರು. ಪರದೆಯ ಮೇಲೆ ಬಿಳಿಯ ಆಕಾರವೊಂದು ನಿಧಾನವಾಗಿ ತಿರುಗಿತು. ಹಿಂಭಾಗ ಮುಂದಕ್ಕೆ ಬಂದಾಗ, ಮೊಣಕಾಲ ಸಂದಿಯ ಕೆಳಗೆ ಒಂದು ಪುಟ್ಟ ತಗ್ಗು ಕಂಡಿತು.

"ನಿಲ್ಸಿ, ನಿಲ್ಸಿ," ಎಂದರು ಮಾವ. ಕೈ ಚಾಚಿ, ಪರದೆಯ ಮೇಲಿನ ಆ ತಗ್ಗಿಗೆ ತಮ್ಮ ಹೆಬ್ಬೆರಳಿಟ್ಟರು. "ನಂದೇ. ಹುಣ್ಣಾಗ್ತಿದ್ದ ಜಾಗ ಇದು. ಪ್ಲಾಸ್ಟರ್ ಹಸಿ ಇದ್ದಾಗ ಒತ್ತಿದ್ದೆ." ಬೆರಳನ್ನು ಬೇಗ ತೆಗೆಯಲಿಲ್ಲ. ಅವರ ಕಣ್ಣು ಒದ್ದೆಯಾಗಿತ್ತು. ಅದನ್ನು ಅಳಿಯ ನೋಡಿದನೆಂದು ಗೊತ್ತಾಗಿ, "ಧೂಳು, ಧೂಳು," ಎಂದು ತೋಳಿನಿಂದ ಒರೆಸಿಕೊಂಡರು.

ಅಳಿಯ ಮೊದಲು ಮಾಡಿದ ಕೆಲಸವೆಂದರೆ ಜಗಲಿಯ ಫೈಲುಗಳನ್ನೆಲ್ಲ ಬೇರೊಂದು ಡಿಸ್ಕಿಗೆ ಸಾಗಿಸಿದ್ದು, ಆಮೇಲೆ ಇನ್ನೊಂದಕ್ಕೆ ಸಾಗಿಸಿದ್ದು. ಅಟ್ಟ ಮೇಲೆ ಒಲೆ ಉರಿಯಿತು ಎಂದು ಹೆಂಡತಿ ಆಡಿಕೊಂಡಳು. ಆಡಿಕೊಳ್ಳಲಿ, ಅವನಿಗೆ ಆ ಮಾತೂ ಹಿತವಾಗಿತ್ತು.

ಯಂತ್ರ ಕೊರೆಯಿತು. ಮಾವ ಬಿಸಿ ಪ್ಲಾಸ್ಟಿಕ್ ಎಳೆದು, ಹಾಕಿ ನೋಡಲೆಂದು ಹೊಸ ಬಟ್ಟಲು ತೆಗೆದು, ಸದ್ಯಕ್ಕೆ ಕೊಳವೆ, ಪಾದ ಸಿಕ್ಕಿಸಿದರು. ಮಧ್ಯಾಹ್ನದ ಹೊತ್ತಿಗೆ ಕಂಡಕ್ಟರಮ್ಮ ಅದೇ ಕುರ್ಚಿಯಲ್ಲಿ ಕೂತು ಮತ್ತೆ ತುಟಿ ಕಚ್ಚಿದಳು. ಕಚ್ಚಿದ್ದು ವ್ಯರ್ಥವಾಯಿತು. ಕಾಲು ಸರ್ರನೆ ಒಳಗಿಳಿದು ಕೂತಿತು.

ಅವಳು ಎದ್ದು ನಿಂತಳು. ಭಾರ ಹಾಕಿದಳು. ಗೋಡೆಯ ತನಕ ಹೋಗಿ ತಿರುಗಿ ಬಂದಳು.

"ಹೆಂಗಿದೆ?" ಎಂದರು ಮಾವ.

"ಸುಮ್ನಿರಿ ಯಜಮಾನ್ರೇ, ಇನ್ನೊಂದು ಸುತ್ತು ಹೋಗ್ತೀನಿ," ಎಂದಳು. ಹೋಗುತ್ತ ಅಳಿಯನ ಮುಂದೆ ನಿಂತು, "ಬೆಳಗ್ಗೆ ಏನೋ ಹೇಳಕ್ಕೆ ಬಂದಿದ್ರಲ್ಲ ನೀವು?" ಎಂದು ಕೇಳಿದಳು.

ಅವನು ಹೇಳಿದ. ಹೆಸರು ಬದಲಿಸಿದ್ದು, ಅಳಿಸಿಹೋದದ್ದು, ಮುಚ್ಚಲು ಮರೆತದ್ದು, ಏನನ್ನೂ ಮುಚ್ಚಿಡದೆ ಎಲ್ಲವನ್ನೂ ಹೇಳಿದ. ಅವಳು ಅವನನ್ನೇ ನೋಡಿದಳು. "ಅಂದ್ರೆ ಒಂದು ತಪ್ಪು ನನ್ನ ಕಾಲು ತಿಂತು, ಇನ್ನೊಂದು ತಪ್ಪು ವಾಪಸ್ ಕೊಡ್ತು. ಎರಡೂ ನಿಮ್ದೇ. ಲೆಕ್ಕ ಚುಕ್ತಾ ಆಯ್ತಲ್ಲ ಬಿಡಿ." ಅವನ ಹೊಟ್ಟೆಗೆ ಹಾಲು ಹೊಯ್ದಂತಾಯಿತು.

ಪಕ್ಕಾ ಕಾಲು ಶನಿವಾರ ಸಂಜೆಗೆ ಸಿದ್ಧವಾಯಿತು. ಅಷ್ಟರೊಳಗೆ ಅಳಿಯ ಎಲ್ಲ ಫೈಲುಗಳಿಗೂ ಅವರವರ ಸಂಖ್ಯೆಯನ್ನು ಮರಳಿ ಕೊಟ್ಟಿದ್ದ. ಪರದೆಯ ಮೇಲೆ ಮಾತ್ರ ಮಾವ ಓದುವಂತೆ ಹೆಸರು ಕಾಣುತ್ತಿತ್ತು. ಮುಚ್ಚಲು ಮರೆತಿದ್ದನ್ನು ಸರಿಮಾಡಲು ಕೂತಾಗ ಮಾವ ಗಾಬರಿಯಾಗಿ ಬಂದರು.

"ಆ ತಪ್ಪು ಹಾಗೇ ಇರ್ಲಿ ಬಿಡ್ರೀ ಅಳಿಯಂದ್ರೇ. ಕಷ್ಟಕಾಲದಲ್ಲಿ ಆಗಿಬಂದಿದ್ದು."

"ಬಿಟ್ರೆ ಇನ್ನೊಂದು ತಿಂಗಳಿಗೆ ಡಿಸ್ಕ್ ತುಂಬಿ ಎಲ್ಲಾ ನಿಂತುಹೋಗುತ್ತೆ ಮಾವ."

"ಹಂಗಾದ್ರೆ ಸರಿ ಮಾಡಿ," ಎಂದರು ಮನಸ್ಸಿಲ್ಲದ ಮನಸ್ಸಿನಿಂದ. ಬಾಗಿಲ ತನಕ ಹೋಗಿ ತಿರುಗಿ, "ಇನ್ಮೇಲಿನ ಅಚ್ಚುಗಳನ್ನ ಒಡೆಯೋ ಮೊದ್ಲು ನಾನೊಂದ್ಸಲ ಫೈಲ್ ತೆಗೆದು ನೋಡ್ತೀನಿ. ಬೇಜಾರಿಲ್ಲ ತಾನೇ?" ಎಂದರು.

"ನಾನೇ ತೆಗೆದು ತೋರಿಸ್ತೀನಿ ಮಾವ."

ಹೊರಗೆ ಕಂಡಕ್ಟರಮ್ಮ ಹೊಸ ಕಾಲು ಹಾಕಿಕೊಂಡು, ಅದರ ಮೇಲೆ ಬೂಟು ಬಿಗಿದು, ಸೊಂಟದಲ್ಲಿ ಇಲ್ಲದ ಟಿಕೆಟ್ ಚೀಲವನ್ನು ಸರಿಮಾಡಿಕೊಂಡವಳಂತೆ ಒಮ್ಮೆ ಕೈಯಾಡಿಸಿ, ಅಂಗಳಕ್ಕಿಳಿದಳು. "ರೈಟ್!" ಎಂದು ತನಗೆ ತಾನೇ ಹೇಳಿಕೊಂಡು ಹೊರಟೇಬಿಟ್ಟಳು. ಊರುಗೋಲು ಗೋಡೆಗೆ ಒರಗಿಕೊಂಡು ಅಲ್ಲೇ ಉಳಿಯಿತು.

"ಅಯ್ಯೋ, ಕೋಲು ಮರೆತ್ರು," ಎಂದು ಹೆಂಡತಿ ಎತ್ತಿಕೊಟ್ಟಳು. ಅಳಿಯ ಅದನ್ನು ಹಿಡಿದು ಬೀದಿಬಾಗಿಲಿಗೆ ಓಡಿದ. ಅವಳು ಆಗಲೇ ತಿರುವು ದಾಟಿದ್ದಳು. ಅಂಗಳದ ಪ್ಲಾಸ್ಟರ್ ಪುಡಿ ತುಳಿದು ಹೋದ ಬೂಟುಗಳು ಕರಿಯ ಡಾಂಬರಿನ ಮೇಲೆ ಬಿಳಿಯ ಗುರುತು ಬಿಟ್ಟಿದ್ದವು. ಬಲ, ಎಡ, ಬಲ, ಎಡ. ಒಂದೇ ಅಂತರದಲ್ಲಿ, ಒಂದೇ ಒತ್ತಿನಲ್ಲಿ, ಹೋಗುತ್ತ ಹೋಗುತ್ತ ತೆಳುವಾಗಿ, ತಿರುವಿನ ಹತ್ತಿರ ಕಾಣದಾಗಿದ್ದವು.

ಅಳಿಯ ಕೋಲು ಹಿಡಿದುಕೊಂಡೇ ನಿಂತಿದ್ದ, ಕೂಗಿ ಕರೆಯಲಿಲ್ಲ.