ಚರ್ಚಿನ ಗೋಡೆಯ ಹಿಂದಿನ ಹೂ

ನನ್ನ ಅಂಗಡಿಯಲ್ಲಿ ಒಂದು ಪಾಟ್ ಚಹಾಕ್ಕೆ ಎರಡು ಪೌಂಡ್ ಎಂಬತ್ತು ಪೆನ್ಸ್. ಜ್ಯಾಮ್, ಕೆನೆ ಸಮೇತ ಸ್ಕೋನ್ ಬೇಕೆಂದರೆ ಇನ್ನೂ ಮೂರು ಪೌಂಡ್. ಎರಡನೇ ಸಲದ ಬಿಸಿನೀರು ಪುಕ್ಕಟೆ. ಜನರ ಗುಟ್ಟು ಕೇಳುವುದೂ ಪುಕ್ಕಟೆಯೇ, ಆದರೆ ಅದನ್ನು ಹೊಟ್ಟೆಯಲ್ಲಿಟ್ಟುಕೊಳ್ಳುವುದು ಮಾತ್ರ ದುಬಾರಿ.

ನಮ್ಮ ಆಲ್ಡರ್ಸ್‌ಬಿ ಊರಲ್ಲಿ ಗಂಡನ ಕುಡಿತ, ಮಂಡಿ ಆಪರೇಷನ್ ಯಾವುದನ್ನೂ ಯಾರೂ ಮುಚ್ಚಿಡುವುದಿಲ್ಲ. ಮುಚ್ಚಿಡುವುದು ಒಂದನ್ನೇ: ಕಾಡು ಆರ್ಕಿಡ್ ಎಲ್ಲಿ ಬೆಳೆದಿದೆ ಎನ್ನುವುದನ್ನು. ಹಿಂದೊಮ್ಮೆ ಕಲ್ಲುಗಣಿಯ ಪಕ್ಕ ಇದ್ದ ಗಿಡಗಳನ್ನೆಲ್ಲ ಯಾರೋ ಬೇರು ಸಮೇತ ಅಗೆದುಕೊಂಡು ಹೋದರು. ಅಂದಿನಿಂದ ಹೂ ಕಂಡವರು ಒಡಹುಟ್ಟಿದವರಿಗೂ ಬಾಯಿಬಿಡುವುದಿಲ್ಲ.

ಜೂನ್ ತಿಂಗಳ ಒಂದು ಬೆಳಗ್ಗೆ ಮ್ಯೂರಿಯಲ್ ಥ್ರಾಸೆಲ್ ಬಂದಳು. ಗಂಡ ಅರ್ನೆಸ್ಟ್ ತೀರಿಕೊಂಡು ಮೂರು ವರ್ಷವಾಗಿತ್ತು. ಕಿಟಕಿಯ ಮೇಜು ಬಿಟ್ಟು ಒಳಗಿನ ಮೂಲೆಗೆ ಕೂತಾಗಲೇ ಏನೋ ಇದೆ ಅಂದುಕೊಂಡೆ.

"ಯಾರಿಗೂ ಹೇಳಲ್ಲ ಅಂತ ಆಣೆ ಮಾಡು, ನೆಟ್ಟಿ."

"ಮಾಡ್ದೆ, ಹೇಳೇ."

"ಸಾಯೋ ಮುಂಚೆ ಅರ್ನೆಸ್ಟ್ ನಂಗೆ ಒಂದು ಜೇನುಹುಳದ ಆರ್ಕಿಡ್ ತೋರಿಸಿದ್ದ. ಊರಿಗೆಲ್ಲ ಇರೋದು ಅದೊಂದೇ ಗಿಡ. ಅವನ ನೆನಪಿಗೆ ನನಗೆ ಉಳಿದಿರೋದೂ ಅದೇ. ದಿನಾ ಸಂಜೆ ಅದರ ಮೇಲೆ ಮುಳ್ಳಿನ ಕೊಂಬೆ ಮುಚ್ಚಿ ಬರ್ತೀನಿ. ಬೆಳಗ್ಗೆ ಹೋದ್ರೆ ಯಾರೋ ತೆಗೆದಿಟ್ಟಿರ್ತಾರೆ."

"ನರಿ ಇರ್ಬೇಕು ಬಿಡು."

"ನರಿ ಕೊಂಬೆನ ನೀಟಾಗಿ ಗೋಡೆಗೆ ಒರಗಿಸಿ ಹೋಗುತ್ತೇನೇ? ಕಳ್ಳ ಕಣೇ. ಹೂ ಪೂರ್ತಿ ಅರಳಲಿ ಅಂತ ಕಾಯ್ತಿದಾನೆ."

ಆಮೇಲೆ ಅವಳು ಬಾಗಿಲಿನಿಂದ ಬಂದ ಪ್ರತಿಯೊಬ್ಬರ ಮುಖ ಬಿಟ್ಟು ಬೂಟು ನೋಡತೊಡಗಿದಳು. ಹೊಸ ಪಾದ್ರಿಯ ಬೂಟಿಗೆ ಕೆಸರಿತ್ತು. "ನೋಡು, ಸಂಭಾವಿತರ ಹಾಗೆ ಬರ್ತಾರೆ" ಎಂದು ಪಿಸುಗುಟ್ಟಿದಳು. ಪಾಪ, ಅವರು ಮಳೆಯಲ್ಲಿ ಯಾರನ್ನೋ ಹೂಳಿ ಬಂದಿದ್ದರು.

ಮಧ್ಯಾಹ್ನ ಕ್ಲಿಫರ್ಡ್ ಬಂಟಿಂಗ್ ಬಂದ. ಬಸ್ ಓಡಿಸಿ ನಿವೃತ್ತನಾದವನು, ಮದುವೆಯಾಗಿಲ್ಲ, ಮಾತು ಕಮ್ಮಿ. ನನ್ನ ಅಡುಗೆಮನೆಯ ಮೊಟ್ಟೆ ಸಿಪ್ಪೆ ಬೇಕು ಅಂದ.

"ಯಾಕಯ್ಯಾ, ಹಲ್ಲು ಗಟ್ಟಿಯಾಗ್ಲಿ ಅಂತಾನಾ?"

"ಬಸವನಹುಳ ಬರದ ಹಾಗೆ ಗಿಡದ ಸುತ್ತ ಹಾಕೋಕೆ." ಹಿಂದೆ ಮುಂದೆ ನೋಡಿ ದನಿ ತಗ್ಗಿಸಿದ. "ಈ ಊರಲ್ಲಿ ಕೆಟ್ಟ ಜನ ಇದಾರೆ ನೆಟ್ಟಿ. ಅಷ್ಟೇ ಹೇಳ್ತೀನಿ."

ಮಾರನೆಯ ಬೆಳಗ್ಗೆ ಮ್ಯೂರಿಯಲ್ ಕರವಸ್ತ್ರ ಬಿಚ್ಚಿ ನನ್ನ ಮುಂದೆ ಹಿಡಿದಳು. "ವಿಷ! ಗಿಡದ ಸುತ್ತ ಸುರಿದಿದಾರೆ."

ಬಿಳಿ ಪುಡಿಯ ನಡುವೆ ಕಂದು ಚುಕ್ಕೆಯ ಚೂರುಗಳಿದ್ದವು. ನನ್ನ ಕೋಳಿಗಳ ಮೊಟ್ಟೆ ನನಗೆ ಗೊತ್ತಾಗದೆ ಇರುತ್ತದೆಯೇ?

"ಇದು ವಿಷ ಅಲ್ಲ ಕಣೇ, ಮೊಟ್ಟೆ ಸಿಪ್ಪೆ. ಇವತ್ತು ನಾಲ್ಕು ಗಂಟೆಗೆ ಬಾ. ಒಬ್ಬರನ್ನ ಕೂರಿಸ್ತೀನಿ, ಮಾತಾಡು. ಅಲ್ಲೀವರೆಗೂ ಏನೂ ಮಾಡ್ಬೇಡ."

ಅವಳು ಕಪ್ ಕೆಳಗಿಟ್ಟಳು. "ಓಹೋ. ನಿಂಗೆ ಎಲ್ಲಾ ಗೊತ್ತು. ಹಾಗಾದ್ರೆ ನೀನೂ ಅವನ ಕಡೆ."

"ಮ್ಯೂರಿಯಲ್!"

ಚಹಾ ಅರ್ಧಕ್ಕೆ ಬಿಟ್ಟು, ದುಡ್ಡು ಮೇಜಿನ ಮೇಲಿಟ್ಟು ಹೊರಟೇಹೋದಳು. ಇಪ್ಪತ್ತು ವರ್ಷಗಳಿಂದ ಗೆಳತಿಯಾದವಳು ಹೋಗುವಾಗ ನನ್ನ ಬೂಟನ್ನೂ ಒಮ್ಮೆ ನೋಡಿದಳು.

ನಾಲ್ಕು ಗಂಟೆಗೆ, ನಾನು ಹೇಳಿಕಳಿಸಿದ್ದಂತೆ, ಮೊದಲು ಬಂದವನು ಕ್ಲಿಫರ್ಡ್. ಮುಖ ಬಿಳಿಚಿಕೊಂಡಿತ್ತು. "ಚರ್ಚಿನ ಗೋಡೆ ಹಿಂದೆ ಒಂದು ಆರ್ಕಿಡ್ ಇತ್ತು. ಈಗ ಗುಂಡಿ ಇದೆ" ಅಂದ, ಅಷ್ಟೇ. ಅವನ ಬೆನ್ನಿಗೇ ಮ್ಯೂರಿಯಲ್ ಬಂದಳು, ನಾನು ಯಾರನ್ನು ಕೂರಿಸುತ್ತೇನೆಂದು ನೋಡಲು. ಅವಳ ಉಗುರಿನ ತುಂಬ ಮಣ್ಣು.

ಕ್ಲಿಫರ್ಡ್ ಆ ಉಗುರನ್ನೇ ನೋಡಿದ. "ನೀವಾ, ಮಿಸೆಸ್ ಥ್ರಾಸೆಲ್? ದಿನಾ ಮುಳ್ಳು ಹಾಕಿ ಬಿಸಿಲು ತಪ್ಪಿಸ್ತಿದ್ದೋರೂ ನೀವೇನಾ?"

"ಮುಚ್ಚಿಡ್ತಿದ್ದೆ! ನಿಮ್ಮಂಥ ಕಳ್ಳರ ಕಣ್ಣಿಗೆ ಬೀಳದ ಹಾಗೆ. ಕುಂಡದಲ್ಲಿಟ್ಟು ಮನೇಲಿ ಕಾಪಾಡ್ತೀನಿ."

"ಕುಂಡದಲ್ಲಿ ಅದು ಬದುಕಲ್ಲ. ಅಲ್ಲಿನ ಮಣ್ಣಲ್ಲಿ ಮಾತ್ರ ಬದುಕೋದು ಅಂತ ಅರ್ನೆಸ್ಟ್ ನಿಮಗೆ ಹೇಳಲಿಲ್ವಾ?"

"ಅರ್ನೆಸ್ಟಾ? ಅವನ ಹೆಸರು ಯಾಕೆ ಎತ್ತುತ್ತೀರಿ?"

"ಅವನೇ ನನಗೆ ತೋರಿಸಿದ್ದು. 'ನಿನಗೊಬ್ಬನಿಗೇ ಕಣಯ್ಯಾ, ಮನೇಲೂ ಹೇಳಿಲ್ಲ' ಅಂದಿದ್ದ."

ಮ್ಯೂರಿಯಲ್ ಕುರ್ಚಿ ಎಳೆದುಕೊಂಡು ಕೂತಳು. "ನಂಗೂ ಅದೇ ಅಂದ. ನಿನಗೊಬ್ಬಳಿಗೇ ಅಂತ." ಉಗುರಿನ ಮಣ್ಣು ಕೆರೆಯುತ್ತಾ, "ಇನ್ನೆಷ್ಟು ಜನಕ್ಕೆ ಹೇಳಿದ್ನೋ ಮುದುಕ" ಎಂದು ನನ್ನತ್ತ ತಿರುಗಿದಳು.

"ನನಗಂತೂ ಹೇಳಿಲ್ಲ, ತಾಯಿ" ಅಂದೆ.

ಅಂಗಡಿ ಮುಚ್ಚಿ, ಮ್ಯೂರಿಯಲ್ ಮನೆಯಿಂದ ಕುಂಡ ಎತ್ತಿಕೊಂಡು ಮೂವರೂ ಚರ್ಚಿನ ಗೋಡೆಯ ಹಿಂದಕ್ಕೆ ಹೋದೆವು. ಮ್ಯೂರಿಯಲ್ ಕುಂಡ ಹಿಡಿದಿದ್ದಳು, ಕ್ಲಿಫರ್ಡ್ ಗುಂಡಿಯಲ್ಲಿ ಬೇರನ್ನು ಮೆಲ್ಲಗೆ ಕೂರಿಸಿದ, ನಾನು ನೀರು ಹನಿಸಿದೆ. ನಿಜವಾದ ಜೇನುಹುಳ ಕೂತ ಹಾಗೆಯೇ ಇತ್ತು ಹೂ. ವಾರ ಕಳೆಯುವಷ್ಟರಲ್ಲಿ ಕಪ್ಪಾಗಿ ಬಾಗಿತು. ಮುಂದಿನ ಜೂನ್‌ನಲ್ಲಿ ಅಲ್ಲಿ ಹುಲ್ಲು ಬಿಟ್ಟು ಬೇರೇನೂ ಬರಲಿಲ್ಲ.

ಈಗಲೂ ಅವರಿಬ್ಬರು ಆ ಜಾಗ ನೋಡಿ ಬರುತ್ತಾರೆ, ಜೊತೆಯಲ್ಲೇ. ಒಬ್ಬರನ್ನು ಒಂಟಿಯಾಗಿ ಬಿಡಲು ಇನ್ನೊಬ್ಬರಿಗೆ ಇನ್ನೂ ಪೂರ್ತಿ ನಂಬಿಕೆಯಿಲ್ಲ. ಬಂದು ಕಿಟಕಿಯ ಮೇಜಿಗೆ ಕೂತು ಒಂದೇ ಪಾಟ್ ಹಂಚಿಕೊಂಡು ಕುಡಿಯುತ್ತಾರೆ, ಎರಡನೇ ಬಿಸಿನೀರನ್ನೂ ಬಿಡುವುದಿಲ್ಲ.

ಊರಿಗಿದ್ದ ಒಂದೇ ಒಂದು ಜೇನುಹುಳದ ಆರ್ಕಿಡ್ ಹೋಯಿತು. ಅವರಿಬ್ಬರಿಗೂ ಮಾತಾಡಲು ಒಬ್ಬರಿಗೊಬ್ಬರು ಸಿಕ್ಕರು. ಎರಡು ಪಾಟ್ ಮಾರುತ್ತಿದ್ದ ಕಡೆ ನಾನೀಗ ಒಂದು ಮಾರುತ್ತೇನೆ.